ಕುರಿಮರಿಯ ಒಂಬತ್ತು ಉತ್ತರ

2025 ಸೆಪ್ಟೆಂಬರ್ 27, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಡ್ಯಾಲಸ್. ಅನಘಕ್ಕನ ಮನೆಯ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು, ಸ್ಟಿಯರಿಂಗ್ ಮೇಲೆ ಡೈರಿ ಇಟ್ಟುಕೊಂಡು ಬರೆಯಲು ಶುರುಮಾಡಿದ್ದೇನೆ. ಪಕ್ಕದ ಸೀಟಿನಲ್ಲಿ ಅವರು ಕೊಟ್ಟ ತಾಂಬೂಲದ ಚೀಲ ಇದೆ. ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಡಬ್ಬಿಯಲ್ಲಿ ಕಡಲೆಕಾಳಿನ ಉಸಲಿ. ಮನೆ ಮುಟ್ಟುವವರೆಗೆ ಕಾಯಬಹುದಿತ್ತು. ಕಾದರೆ ಸಿಟ್ಟು ಇಳಿದುಬಿಡುತ್ತದೆ. ಇಳಿದ ಮೇಲೆ ಬರೆದದ್ದು ನನಗೆ ಬೇಡ.

ಒಳಗೆ ಗೊಂಬೆ ಕೂರಿಸಿದ್ದಾರೆ. ಏಳು ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ, ಕೆಳಗೆ ಮಕ್ಕಳು ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಿದ ಮೃಗಾಲಯ. ಮೆಟ್ಟಿಲಿನ ಹಿಂದೆ ಗೋಡೆಗೆ ಹಳೆಯ ಉಣ್ಣೆಯ ನೇಯ್ಗೆಯ ಚಿತ್ರವೊಂದನ್ನು ತೂಗುಹಾಕಿದ್ದಾರೆ. ಅದರಲ್ಲಿ ಒಂದು ತೋಳ ಹೊಳೆಯ ದಡದಲ್ಲಿ ನಿಂತು, ಬಾಯಿ ತೆರೆದು, ಬಲಕ್ಕೆ ನೋಡುತ್ತಿದೆ. ಬಲಕ್ಕೆ ಒಂದು ಗೇಣು ನೀರು. ಆಮೇಲೆ ಅಂಚು. ಅಂಚಿನ ಮೇಲೆ ಹಳದಿಗಟ್ಟಿದ ಮಾಸ್ಕಿಂಗ್ ಟೇಪು. ಆಮೇಲೆ ಅನಘಕ್ಕನ ಮನೆಯ ಗೋಡೆ, ಅದರ ಮೇಲೆ ಲೈಟಿನ ಸ್ವಿಚ್ಚು.

ಅರಿಶಿನ ಕುಂಕುಮಕ್ಕೆ ಬಂದವರೊಬ್ಬರ ಮಗಳು, ಆರು ವರ್ಷ ಇರಬಹುದು, ಅದನ್ನೇ ನೋಡುತ್ತ ನಿಂತಿದ್ದಳು. ತೋಳ ಯಾರ ಜೊತೆ ಮಾತಾಡುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಮ್ಮ, "ಸ್ವಿಚ್ ಜೊತೆ ಮಾತಾಡ್ತಿದೆ ಪುಟ್ಟ" ಎಂದರು. ಎಲ್ಲರೂ ನಕ್ಕರು. ಅನಘಕ್ಕ ನಗಲಿಲ್ಲ, ಅಡುಗೆಮನೆಗೆ ಹೋದರು. ನಾನು ಆ ಅಂಚಿನ ಹತ್ತಿರ ಹೋಗಿ ಮೂಗು ಇಟ್ಟೆ. ಬಜೆ ಬೇರು, ಲವಂಗ, ಅದರಡಿ ಹ್ಯೂಸ್ಟನ್ನಿನ ತೇವ ಕುಡಿದ ಉಣ್ಣೆ. ಅನಘಕ್ಕನ ತಾಯಿ ವಿಮಲಾ ಆಂಟಿ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ವಾಸನೆ ಹಾಗೇ ಇದೆ.

ಆ ವಾಸನೆಯ ಮನೆಗೆ ನಾನು ಕಾಲಿಟ್ಟಿದ್ದು 2023 ಜೂನ್ 4, ಭಾನುವಾರ. ಹ್ಯೂಸ್ಟನ್ನಿನ ದಕ್ಷಿಣಕ್ಕೆ ಪೇರ್‌ಲ್ಯಾಂಡ್. ನಾನು ಬಟ್ಟೆಗಳ ಸಂರಕ್ಷಣೆಯ ಬಗ್ಗೆ ಎಂ.ಎಸ್. ಓದುತ್ತಿದ್ದೆ. ಕ್ಯಾಂಪಸ್ಸಿನ ಬಾಡಿಗೆ ಕೈಗೆಟುಕುತ್ತಿರಲಿಲ್ಲ. ದೇವಸ್ಥಾನದ ಕ್ಯಾಂಟೀನಿನಲ್ಲಿ ಪರಿಚಯವಾದ ಆಂಟಿ, ಮೇಲಿನ ರೂಮು ಖಾಲಿ ಇದೆ, ಬಂದುಬಿಡು ಎಂದರು. ನಾನು ಏನು ಓದುತ್ತಿದ್ದೇನೆ ಎಂದು ಹೇಳಿದ ಮೇಲೆ ಹಾಗೆಂದರು. ಅವರಿಗೆ ಬಾಡಿಗೆಯವಳಿಗಿಂತ, ಗೋಡೆಯ ಮೇಲಿನದಕ್ಕೆ ಹುಳ ಹತ್ತಿದೆಯೇ ಎಂದು ನೋಡುವವರು ಬೇಕಾಗಿದ್ದರು.

ಆಂಟಿ ಮೈಸೂರಿನವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಗಂಡ ಗುರುನಾಥ ಅಂಕಲ್ ಗದಗಿನವರು, ಕ್ಲಿಯರ್ ಲೇಕ್‌ನಲ್ಲಿ ಇಂಜಿನಿಯರ್ ಆಗಿದ್ದವರು. ಅಂಕಲ್ ಮಹಾ ಸಮಭಾವದ ಮನುಷ್ಯ. ಮಾವಿನ ಹಣ್ಣಿನ ಬಾಕ್ಸ್ ತಂದರೆ ಮೂರು ಮಕ್ಕಳ ಮನೆಗೆ ತಕ್ಕಡಿಯಲ್ಲಿ ತೂಗಿ ಹಂಚುವವರು. ಯಾರದೋ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ಕೋನಮಾಪಕ ಇಟ್ಟು ಅಳೆದಿದ್ದರಂತೆ. ಅಂದಿನಿಂದ ಅಲ್ಲಿಯ ಕನ್ನಡದ ಮಕ್ಕಳೆಲ್ಲ ಅವರನ್ನು ಪ್ರೊಟ್ರ್ಯಾಕ್ಟರ್ ಅಂಕಲ್ ಎನ್ನುತ್ತಿದ್ದರು. ನಾನೂ ನಕ್ಕಿದ್ದೆ. ಈಗ ಆ ಹೆಸರು ನೆನಪಾದರೆ ನಗು ಬರುವುದಿಲ್ಲ.

ಗೋಡೆಯ ಮೇಲಿನದು ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಟ್ಯಾಪೆಸ್ಟ್ರಿ, ಚಿತ್ರ ನೇಯ್ದ ಗೋಡೆಬಟ್ಟೆ. ಎರಡನೇ ಮಗು ನಿಖಿಲ್ ಹೊಟ್ಟೆಯಲ್ಲಿದ್ದಾಗ ಹ್ಯೂಸ್ಟನ್ನಿನ ಯಾವುದೋ ದೊಡ್ಡ ಮನೆ ಖಾಲಿ ಮಾಡುವ ಮಾರಾಟದಲ್ಲಿ, ಪಿಯಾನೋ ಕೆಳಗೆ ಸುತ್ತಿಟ್ಟಿದ್ದನ್ನು ಆಂಟಿ ಕೊಂಡಿದ್ದರು. ಫ್ರಾನ್ಸಿನ ಓಬ್ಯುಸಾನ್ ಎಂಬ ಊರಿನ ಮಗ್ಗದ್ದು, ಇನ್ನೂರು ವರ್ಷಕ್ಕೂ ಹಳೆಯದು ಎಂದು ಮಾರಿದವರು ಹೇಳಿದ್ದರಂತೆ. ಕಾಲೇಜಿನ ನಮ್ಮ ಮೇಡಂ ಫೋಟೋ ನೋಡಿ, ಇರಬಹುದು ಎಂದರು. ಅದಕ್ಕಿಂತ ಹೆಚ್ಚು ಹೇಳಲು ನನಗೂ ಧೈರ್ಯವಿಲ್ಲ. ಅದರಲ್ಲಿ ಮೂರು ಕಥೆಗಳಿದ್ದವು. ಎಡಕ್ಕೆ, ನರಿ ಚಪ್ಪಟೆ ತಟ್ಟೆಯಲ್ಲಿ ಊಟ ಬಡಿಸಿ ಕೊಕ್ಕರೆಯನ್ನು ಪೇಚಿಗೆ ಸಿಕ್ಕಿಸಿದ್ದು. ನಡುವೆ ಎಲ್ಲಕ್ಕಿಂತ ಅಗಲವಾಗಿ, ಹೊಳೆಯ ಮೇಲ್ಗಡೆ ತೋಳ, ಕೆಳಗಡೆ ಕುರಿಮರಿ, ನಡುವೆ ನೀರು. ಬಲಕ್ಕೆ ಮರದ ಮೇಲೆ ಕಾಗೆ, ಬುಡದಲ್ಲಿ ನರಿ. ಮೂರಕ್ಕೂ ಒಂದೇ ಆಕಾಶ, ಒಂದೇ ಹುಲ್ಲು. ನೀರಿನ ಹೊಳಪಿಗೂ ಪ್ರಾಣಿಗಳ ಕಣ್ಣಿಗೂ ಮಾತ್ರ ರೇಷ್ಮೆ, ಉಳಿದದ್ದೆಲ್ಲ ಉಣ್ಣೆ.

ಅಂಕಲ್ ಅದನ್ನು ಫ್ರಾನ್ಸಿನ ಕಂಬಳಿ ಎನ್ನುತ್ತಿದ್ದರು. "ಗದಗಿನಾಗ ಇದಕ್ಕಿಂತ ಛಲೋ ಕಂಬಳಿ ಸಿಗ್ತಾವ ತಂಗಿ, ತೂತ ಇರಂಗಿಲ್ಲ" ಎಂದು ನನಗೆ ಮೊದಲ ದಿನವೇ ಹೇಳಿದರು.

"ನಿಮ್ಮ ಗದಗಿನ ಕಂಬಳೀಲಿ ಕಥೆ ಇರುತ್ತೇನ್ರೀ?" ಎಂದು ಆಂಟಿ ಅಡುಗೆಮನೆಯಿಂದಲೇ ಕೇಳಿದರು.

ಆ ಬೇಸಿಗೆ ಹ್ಯೂಸ್ಟನ್ನಿನಲ್ಲಿ ಮಳೆ ಕೈಕೊಟ್ಟಿತ್ತು. ಅಂಗಳದ ಹುಲ್ಲು ಸುಟ್ಟು ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ಎ.ಸಿ. ಹಗಲೂ ರಾತ್ರಿ ಓಡುತ್ತಿತ್ತು. ನಾವು ಟ್ಯಾಪೆಸ್ಟ್ರಿಯನ್ನು ಇಳಿಸಿ ಹಾಲಿನಲ್ಲಿ ಬಿಳಿ ಬೆಡ್‌ಶೀಟ್‌ಗಳ ಮೇಲೆ ಹರಡಿಕೊಂಡು ಎರಡು ತಿಂಗಳು ಕೂತೆವು. ನಾನು ಮೇಲೊಂದು ಬಲೆ ಹಾಸಿ, ವ್ಯಾಕ್ಯೂಮಿನ ಸೆಳೆತ ತೀರ ಕಡಿಮೆ ಮಾಡಿ, ಅಂಗೈಯಷ್ಟಗಲ ಧೂಳು ತೆಗೆದು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಹುಳ ತಿಂದ ತೂತುಗಳು ನಲವತ್ತೊಂದು. ಅದರಲ್ಲಿ ಹನ್ನೆರಡನ್ನು ಆಂಟಿ ಎಂದೋ ತಮ್ಮ ಸೀರೆಯಂಚಿನ ದಾರ ಬಿಡಿಸಿ ರಫು ಮಾಡಿದ್ದರು. ಕುರಿಮರಿಯ ಕಿವಿಯ ಹಿಂದೆ ಹಾಕಿದ್ದ ದಾರ ಉಳಿದ ಬಿಳಿಗಿಂತ ಒಂದು ಚೂರು ಹೆಚ್ಚು ಹಳದಿ. ಅದನ್ನು ತೆಗೆಯಬೇಕೇ ಎಂದು ನಮ್ಮ ಮೇಡಮ್ಮನ್ನು ಕೇಳಿದೆ. ಬಿಡು, ಅದೂ ಈಗ ಅದರ ಚರಿತ್ರೆ ಎಂದರು. ಆಂಟಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಇಂಥ ನೇಯ್ಗೆಯನ್ನು ಮಗ್ಗದ ಮೇಲೆ ಚಿತ್ರ ಅಡ್ಡ ಮಲಗಿಸಿಕೊಂಡು ನೇಯುತ್ತಾರೆ. ಹಾಗಾಗಿ ಗೋಡೆಗೆ ತೂಗುಹಾಕಿದಾಗ ಹಾಸು ದಾರಗಳು ಮೇಲಿಂದ ಕೆಳಗೆ ಇರುವುದಿಲ್ಲ, ಎಡದಿಂದ ಬಲಕ್ಕೆ ಹೋಗುತ್ತವೆ. ಕೊಕ್ಕರೆಯ ಹಿಂದಿನ ಅಂಚಿನಲ್ಲಿ ಶುರುವಾದ ದಾರ ಕಾಗೆಯ ಮರದಾಚೆಯ ಅಂಚಿನಲ್ಲಿ ಮುಗಿಯುತ್ತದೆ, ನಡುವೆ ಎಲ್ಲೂ ಕಡಿಯದೆ. ಬಣ್ಣಗಳೆಲ್ಲ ಅದರ ಮೇಲೆ ಹೊಕ್ಕು. ಇದನ್ನು ವಿವರಿಸಿದ ದಿನ ಆಂಟಿ ಸೂಜಿ ಕೆಳಗಿಟ್ಟರು.

"ಹಾಗಾದ್ರೆ ತೋಳದ ಹೊಟ್ಟೇಲಿರೋ ದಾರಾನೇ ಕುರಿಮರಿ ಹೊಟ್ಟೇಲೂ ಇದೆ ಅನ್ನು."

"ಇದೆ ಆಂಟಿ."

"ಅದಕ್ಕೇ ಇಷ್ಟು ವರ್ಷವಾದ್ರೂ ಅದಕ್ಕೆ ತಿನ್ನಕ್ಕಾಗಿಲ್ಲ."

ಅವರಿಗೆ ಆ ಟ್ಯಾಪೆಸ್ಟ್ರಿ ದಸರೆಯೊಳಗೆ ಗೋಡೆಗೆ ಹೋಗಬೇಕಿತ್ತು. ಯಾಕೆ ಅಷ್ಟು ಅವಸರ ಎಂದು ಕೇಳಿದ್ದಕ್ಕೆ, ಈ ಸಲ ಮೂವರೂ ಬರುತ್ತಾರೆ ಎಂದರು. ದೊಡ್ಡವರು ಅನಘಕ್ಕ ಡ್ಯಾಲಸ್‌ನಲ್ಲಿ, ನಿಖಿಲ್ ಆಸ್ಟಿನ್ ಆಚೆ ಲಿಯಾಂಡರ್‌ನಲ್ಲಿ, ಚಿಕ್ಕವರು ಮೇಘನಾ ಅರ್ಧ ಗಂಟೆ ದೂರದ ಕ್ಲಿಯರ್ ಲೇಕ್‌ನಲ್ಲಿ. ಎಲ್ಲರೂ ಒಂದೇ ರಾಜ್ಯದಲ್ಲಿದ್ದರು. ಅತಿ ಹತ್ತಿರದವರೇ ಅತಿ ಕಡಿಮೆ ಬರುತ್ತಿದ್ದರು. ಮೂವರೂ ಒಂದೇ ಮೇಜಿಗೆ ಊಟಕ್ಕೆ ಕೂತು ಐದು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ. ಜಗಳವಾದರೂ ಇದ್ದಿದ್ದರೆ ಫೋನ್ ಮಾಡಿ ಬೈದುಕೊಳ್ಳುತ್ತಿದ್ದರು.

ಅಕ್ಟೋಬರ್ 15ಕ್ಕೆ ಗೊಂಬೆ ಕೂರಿಸಿದೆವು. ಪೇರ್‌ಲ್ಯಾಂಡಿನ ಆ ಮನೆಯ ಗೊಂಬೆಗೆ ಒಂದು ಪದ್ಧತಿ ಇತ್ತು. ಸಂಜೆ ಅಲ್ಲಿಯ ಕನ್ನಡದ ಮಕ್ಕಳು ಟ್ಯಾಪೆಸ್ಟ್ರಿಯ ಮುಂದೆ ಕೂರಬೇಕು. ಮೆಟ್ಟಿಲಿನ ಹಿಂದೆ ಅಡಗಿ ಕೂತ ಅಂಕಲ್ ತೋಳದ ದನಿಯಲ್ಲಿ ಕುರಿಮರಿಯ ಮೇಲೆ ಒಂದು ಆರೋಪ ಹೊರಿಸಬೇಕು. ಮಕ್ಕಳು ಕುರಿಮರಿಯ ಪರವಾಗಿ ಉತ್ತರ ಹೇಳಬೇಕು. ಉತ್ತರ ಸರಿಯಾಗಿದ್ದರೆ ತೋಳ ಅವತ್ತು ಉಪವಾಸ. ದಿನಕ್ಕೆ ಒಂದು, ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಗೊಂಬೆ ಮಲಗಿಸುವಾಗ ಟ್ಯಾಪೆಸ್ಟ್ರಿಯನ್ನೂ ಸುತ್ತಿ, ಒಳಗೆ ಬಜೆ, ಲವಂಗದ ಪೊಟ್ಟಣ ಇಟ್ಟು ಒಂದು ದಿನದ ಮಟ್ಟಿಗೆ ಮಲಗಿಸುತ್ತಿದ್ದರು. ತೋಳ ನಿದ್ದೆ ಹೋಯಿತು, ಮರಿ ಇನ್ನೊಂದು ವರ್ಷ ಬದುಕಿತು ಎಂದು ಆಂಟಿ ಹೇಳಿದರೆ ಹಬ್ಬ ಮುಗಿದಂತೆ. ಮೂಲ ಕಥೆಯಲ್ಲಿ ತೋಳ ವಾದದಲ್ಲಿ ಸೋತೂ ಮರಿಯನ್ನು ತಿನ್ನುತ್ತದೆ. ಆಂಟಿಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅದು ಗೊತ್ತೇ ಇರಲಿಲ್ಲ.

ಮೊದಲ ದಿನ ಅಂಕಲ್ ಗುಡುಗಿದರು: "ಏ ಮರಿ, ನಾ ಕುಡಿಯೂ ನೀರು ಯಾಕ ರಾಡಿ ಮಾಡ್ತಿ?"

ಒಬ್ಬ ಹುಡುಗಿ, ನೀರು ನಿನ್ನ ಕಡೆಯಿಂದ ನನ್ನ ಕಡೆಗೆ ಹರಿಯುತ್ತೆ, ಸೈನ್ಸ್ ಓದಿಲ್ವಾ ಎಂದಳು. ಎರಡನೆಯ ದಿನ ತೋಳ, ಹೋದ ವರ್ಷ ನನ್ನ ಬೈದಿದ್ದಿ ಎಂದಿತು. ನನಗೆ ಇನ್ನೂ ಆರು ತಿಂಗಳು ಎಂದು ಉತ್ತರ. ಆರನೆಯ ದಿನ ಸರಸ್ವತಿ ಪೂಜೆ. ಪುಸ್ತಕವೆಲ್ಲ ಪೂಜೆಗೆ ಇಟ್ಟುಬಿಟ್ಟಿದ್ದೇನೆ, ಇವತ್ತು ಓದುವ ಹಾಗಿಲ್ಲ, ಉತ್ತರ ನಾಳೆ ಹೇಳುತ್ತೇನೆ ಎಂದ ಒಬ್ಬ. ತೋಳ ಒಪ್ಪಿತು. ಏಳನೆಯ ದಿನ ಒಬ್ಬ ಪುಟ್ಟ ಹುಡುಗ, ಕನ್ನಡದಲ್ಲಿ ಅವನು ಹೇಳಿದ ಒಂದೇ ವಾಕ್ಯ ಅದು, "ಇವತ್ತು ಶನಿವಾರ, ನೀವು ನಾನ್‌ವೆಜ್ ತಿನ್ನಲ್ಲ" ಎಂದ. ಮೆಟ್ಟಿಲಿನ ಹಿಂದೆ ಅಂಕಲ್ ನಕ್ಕೂ ನಕ್ಕೂ ಕೆಮ್ಮು ಬಂದು, ಆಂಟಿ ನೀರು ತೆಗೆದುಕೊಂಡು ಓಡಿದರು. ಒಂಬತ್ತನೆಯ ದಿನದ ಉತ್ತರವೇ ಆ ವರ್ಷದ್ದರಲ್ಲಿ ಉತ್ತಮ. ಇವತ್ತು ಆಯುಧಪೂಜೆ, ನಿನ್ನ ಆಯುಧ ನಿನ್ನ ಹಲ್ಲು, ಅದಕ್ಕೆ ಕುಂಕುಮ ಇಟ್ಟು ಸುಮ್ಮನೆ ಕೂರು. ಒಂಬತ್ತೂ ನನ್ನ ಡೈರಿಯಲ್ಲಿದೆ.

ವಿಜಯದಶಮಿಯ ದಿನ ಮೂವರು ಮಕ್ಕಳೂ ಬಂದರು. ಊಟವಾದ ಮೇಲೆ ಆಂಟಿ ಕೈ ಒರೆಸಿಕೊಂಡು ನಿಂತು ಹೇಳಿದರು. ಇನ್ನು ಮೇಲೆ ಗೊಂಬೆ ಪೇರ್‌ಲ್ಯಾಂಡಿನಲ್ಲಿ ಇಲ್ಲ. ಬರುವ ವರ್ಷ ಅನಘಳ ಮನೆ, ಆಮೇಲೆ ನಿಖಿಲನ ಮನೆ, ಆಮೇಲೆ ಮೇಘನಾ ಮನೆ, ಮತ್ತೆ ಅನಘಳದು. ಟ್ಯಾಪೆಸ್ಟ್ರಿ ಯಾರ ಮನೆಯಲ್ಲಿದೆಯೋ ಅಲ್ಲಿಗೆ ಉಳಿದಿಬ್ಬರು ಹತ್ತು ದಿನದಲ್ಲಿ ಒಂದು ದಿನವಾದರೂ ಬರಬೇಕು. ಮುಂದಿನ ಮನೆಯವರು ಬಂದು ಸುತ್ತಿಕೊಂಡು ಹೋಗಬೇಕು. ತೋಳದ ದನಿಗೆ ಅಪ್ಪ ಎಲ್ಲಿದ್ದರೂ ಬರುತ್ತಾರೆ.

"ಅದನ್ನ ಕೊಡ್ತಿಲ್ಲ ನಾನು ನಿಮಗೆ," ಎಂದರು. "ಅದನ್ನ ನೆಪ ಮಾಡ್ತಿದೀನಿ. ಗೊತ್ತಾಯ್ತಾ?"

ಮೂವರೂ ತಲೆಯಾಡಿಸಿದರು. ನಿಖಿಲ್ ಅದರ ಅಳತೆ ಕೇಳಿ ಫೋನಿನಲ್ಲಿ ಬರೆದುಕೊಂಡ. ನಾನು ಡೈರಿಯಲ್ಲಿ ವರ್ಷಗಳ ಮುಂದೆ ಊರಿನ ಹೆಸರು ಬರೆದೆ: 2024 ಡ್ಯಾಲಸ್, 2025 ಲಿಯಾಂಡರ್, 2026 ಕ್ಲಿಯರ್ ಲೇಕ್. ಆ ಪುಟ ಈಗಲೂ ಇದೆ. ನಡೆಯದೇ ಹೋದದ್ದರ ವೇಳಾಪಟ್ಟಿ.

ಡಿಸೆಂಬರ್ 9, ಶನಿವಾರ ಬೆಳಿಗ್ಗೆ ಆಂಟಿ ಒಲೆಯ ಮುಂದೆ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ನಾಲ್ಕು ದಿನ ಆಸ್ಪತ್ರೆ, ಅಷ್ಟೇ. ಮೂವರೂ ಬಂದರು, ಹದಿಮೂರು ದಿನ ಇದ್ದರು, ಚೆನ್ನಾಗಿಯೇ ಇದ್ದರು. ಹೋಗುವಾಗ ಅನಘಕ್ಕ ನನ್ನನ್ನು ಅಪ್ಪಿಕೊಂಡು, ಅಪ್ಪನ್ನ ನೋಡ್ಕೋ ಎಂದರು.

ಜನವರಿಯಲ್ಲಿ ಚಳಿ ಬಿತ್ತು, ಕೊಳಾಯಿಗಳಿಗೆ ಹಳೆಯ ಟವೆಲ್ಲು ಸುತ್ತಿದೆವು. ಅದೇ ವಾರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಶುರುವಾಯಿತು. ನಾನು ಆ ಗುಂಪಿನಲ್ಲಿರಲಿಲ್ಲ, ಅಂಕಲ್ ಊಟದ ಹೊತ್ತಿಗೆ ಓದಿ ಹೇಳುತ್ತಿದ್ದರು. ಅನಘಕ್ಕ ದಸರೆಯವರೆಗೆ ಯಾಕೆ ಕಾಯುವುದು, ಈಗಲೇ ತೆಗೆದುಕೊಂಡು ಹೋಗುತ್ತೇನೆ ಎಂದರು. ನಿಖಿಲ್, ನಮ್ಮ ಹಾಲಿಗೆ ಎರಡು ಮಹಡಿ ಎತ್ತರದ ಗೋಡೆಯಿದೆ, ವರ್ಷವರ್ಷ ಸುತ್ತಿ ಬಿಚ್ಚಿದರೆ ಹಾಳಾಗುತ್ತದೆ, ಇಲ್ಲೇ ಇರಲಿ ಎಂದ. ಮೇಘನಾ, ಆಸ್ಪತ್ರೆಯ ನಾಲ್ಕೂ ದಿನ ಅಮ್ಮನ ಪಕ್ಕ ಮಲಗಿದ್ದು ನಾನು ಎಂದರು. ಅದಕ್ಕೆ ಮೂರು ದಿನ ಯಾರೂ ಉತ್ತರ ಬರೆಯಲಿಲ್ಲ. ಆಮೇಲೆ ಅನಘಕ್ಕ, ಸರಿ, ನನಗೆ ಏನೂ ಬೇಡ ಎಂದು ಬರೆದರು. ನಿಖಿಲ್ ನನಗೂ ಬೇಡ ಎಂದ.

ಇಷ್ಟೇ ಆದದ್ದು. ಬೇರೆ ಯಾವ ಮನೆಯಲ್ಲಾದರೂ ಇದು ಒಂದು ತಿಂಗಳಲ್ಲಿ ತಣ್ಣಗಾಗುತ್ತಿತ್ತು. ಅಂಕಲ್ ಮಾತ್ರ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅನ್ನ ಬಿಟ್ಟು ಎದ್ದರು.

2024 ಫೆಬ್ರವರಿ 4, ಭಾನುವಾರ. ನಾನು ಬೆಳಿಗ್ಗೆ ಲ್ಯಾಬಿಗೆ ಹೋಗಿ ಮಧ್ಯಾಹ್ನ ಬಂದೆ. ಅಂಕಲ್ ಊಟದ ಮೇಜಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಎಷ್ಟೋ ವಾರಗಳ ಮೇಲೆ ಶೇವ್ ಮಾಡಿಕೊಂಡಿದ್ದರು.

"ಮುಗೀತು ನೋಡು ತಂಗಿ," ಎಂದರು. "ಮೂರೂ ಸಮ ಅದಾವ. ಹೆಚ್ಚು ಕಡಿಮಿ ಅನ್ನೂಹಂಗಿಲ್ಲ."

ಏನು ಮುಗಿಯಿತು ಎಂದು ಕೇಳುವ ಮೊದಲೇ ಹಾಲಿನ ನೆಲ ಕಂಡಿತು. ಸ್ಟೀಲಿನ ಉದ್ದನೆಯ ಅಳತೆಪಟ್ಟಿ. ಬಡಗಿಗಳು ಗೆರೆ ಹೊಡೆಯುವ ನೀಲಿ ಸುಣ್ಣದ ದಾರ. ಆಂಟಿಯ ಹೊಲಿಗೆಯ ಕತ್ತರಿ. ಬಿಳಿ ಬೆಡ್‌ಶೀಟಿನ ಮೇಲೆ ಎರಡು ಸಾಲು ಉಣ್ಣೆಯ ಪುಡಿ. ಗೋಡೆಗೊರಗಿಸಿದ ಮೂರು ಸುರುಳಿಗಳು, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ಮಗುವಿನ ಹೆಸರು. ಕತ್ತರಿಸಿದ ಅಂಚು ಬಿಚ್ಚಿಕೊಳ್ಳಬಾರದೆಂದು ಮಾಸ್ಕಿಂಗ್ ಟೇಪು. ಯಾರಿಗೆ ಯಾವುದು ಎಂದು ದೇವರ ಮುಂದೆ ಚೀಟಿ ಹಾಕಿ ಎತ್ತಿದ್ದರು. ಅದರಲ್ಲೂ ಯಾರಿಗೂ ಅನ್ಯಾಯವಾಗಬಾರದಲ್ಲ.

ಹದಿನಾರು ಅಡಿಯನ್ನು ಮೂರರಿಂದ ಭಾಗಿಸಿದ್ದರು. ಕಥೆಗಳ ಅಗಲ ಒಂದೇ ಇರಲಿಲ್ಲ. ಮೊದಲ ಗೆರೆ ಕೊಕ್ಕರೆ ದಾಟಿ ಒಂದು ಮರದ ನಡುವೆ ಹೋಗಿತ್ತು. ಎರಡನೆಯದು ಹೊಳೆಯಲ್ಲಿ ಹೋಗಿತ್ತು. ತೋಳ ಒಂದು ಚೀಲದಲ್ಲಿ, ಕುರಿಮರಿ ಇನ್ನೊಂದು ಚೀಲದಲ್ಲಿ. ಈ ಅಂಚಿನಿಂದ ಆ ಅಂಚಿಗೆ ಇನ್ನೂರು ವರ್ಷ ಕಡಿಯದೆ ಬಂದಿದ್ದ ಹಾಸು ದಾರಗಳಲ್ಲಿ ಒಂದೂ ಉಳಿದಿರಲಿಲ್ಲ. ಅಡ್ಡಕ್ಕೆ ಹರಿದಿದ್ದರೂ ಇಷ್ಟಾಗುತ್ತಿರಲಿಲ್ಲ. ಪ್ರತಿ ದಾರವನ್ನೂ, ಎರಡೆರಡು ಕಡೆ, ಅಳತೆಪಟ್ಟಿ ಇಟ್ಟು ನೆಟ್ಟಗೆ ಕತ್ತರಿಸಿದ್ದರು.

"ಆಂಟಿ ಹೇಳಿದ್ದು ಇದಲ್ಲ ಅಂಕಲ್," ಎಂದೆ.

"ಆಕಿ ಹೇಳಿದ್ದು ನನಗೂ ಗೊತ್ತದ. ಆಕಿ ಇದ್ದಿದ್ದರ ಹಂಗ ನಡೀತಿತ್ತು. ಈಗ ಆಕಿ ಇಲ್ಲ." ಲೋಟ ಕೆಳಗಿಟ್ಟರು. "ನಮ್ಮವ್ವ ಹೋದ ಮ್ಯಾಲೆ ಒಂದು ತೊಟ್ಟಿಲ ಸಲುವಾಗಿ ನಾವು ಅಣ್ಣತಮ್ಮರು ಮೂವತ್ತು ವರ್ಷ ಮಾತು ಬಿಟ್ಟೀವಿ. ನನಗ ನಿನಗ ಅಂತ ಯಾರೂ ಒಯ್ಯಲಿಲ್ಲ. ಅಟ್ಟದ ಮ್ಯಾಲೆ ಗೆದ್ದಲ ತಿಂತು. ಆವತ್ತ ಅದನ್ನ ಕಡದು ಹಂಚಿದ್ದರ ಛಲೋ ಇತ್ತು."

ಕಡಿದ ತೊಟ್ಟಿಲಲ್ಲಿ ಯಾರನ್ನು ಮಲಗಿಸುತ್ತಿದ್ದಿರಿ ಎಂದು ಕೇಳಬೇಕಿತ್ತು. ಆ ಪ್ರಶ್ನೆ ನನಗೆ ಹೊಳೆದದ್ದು ಮಾರ್ಚ್ ತಿಂಗಳಲ್ಲಿ. ಅವತ್ತು ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಕೆಳಗೆ ಅಂಕಲ್ ವ್ಯಾಕ್ಯೂಮ್ ಹಾಕಿ ಉಣ್ಣೆಯ ಪುಡಿ ತೆಗೆಯುವ ಸದ್ದು ಕೇಳುತ್ತಿತ್ತು. ಸೆಳೆತ ಪೂರ್ತಿ ಹೆಚ್ಚಿಸಿದ್ದರು.

ಮುಂದಿನ ವಾರ ಅವರೇ ಡ್ರೈವ್ ಮಾಡಿಕೊಂಡು ಹೋಗಿ ಮೂರು ಮನೆಗೂ ತಲುಪಿಸಿ ಬಂದರು. ಅನಘಕ್ಕ ಚೀಲ ಬಿಚ್ಚಿ ಅತ್ತರಂತೆ. ಮೇಘನಾ, ಫೇರ್ ಆಗಿದೆ ಅಪ್ಪ ಎಂದರಂತೆ. ನಿಖಿಲ್ ಸರಿ ಎಂದನಂತೆ. ಅಂಕಲ್ ಹಿಂದಿರುಗಿ ಬಂದು, ಇನ್ನ ಯಾರೂ ಮಾತಾಡಂಗಿಲ್ಲ ಎಂದು ನೆಮ್ಮದಿಯಿಂದ ಹೇಳಿದರು. ಹಾಗೆಯೇ ಆಯಿತು. ಆಮೇಲೆ ಯಾರಿಗೂ ಯಾರ ಮನೆಗೂ ಹೋಗುವ ಕಾರಣ ಇರಲಿಲ್ಲ. ಸುತ್ತಿಕೊಂಡು ಬರಲು ಏನೂ ಇರಲಿಲ್ಲ. ವರ್ಷಾಬ್ದಿಕಕ್ಕೆ ನಿಖಿಲ್ ವೀಡಿಯೋದಲ್ಲಿ ಬಂದ. ಮೂವರೂ ಒಂದು ಕೋಣೆಯಲ್ಲಿ ಕೂತದ್ದು ಆಂಟಿಯ ವೈಕುಂಠ ಸಮಾರಾಧನೆಯೇ ಕೊನೆ.

ನಾನು 2024ರ ಮೇ ತಿಂಗಳಲ್ಲಿ ಓದು ಮುಗಿಸಿ ಡ್ಯಾಲಸ್‌ಗೆ ಶಿಫ್ಟ್ ಆದೆ. ಹಳೆಯ ಜಮಖಾನೆಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಕತ್ತರಿಸಿದ ನೇಯ್ಗೆಯನ್ನು ಹಿಂದೆ ಹೊಸ ಬಟ್ಟೆ ಕೊಟ್ಟು, ದಾರಕ್ಕೆ ದಾರ ಸೇರಿಸಿ, ಹೇಗೆ ಕೂಡಿಸುವುದು ಎಂದು ಅಲ್ಲಿ ಕಲಿತೆ. ಕೂಡಿಸಬಹುದು. ಮೊದಲಿನಂತಾಗುವುದಿಲ್ಲ, ಗೆರೆ ಕಾಣುತ್ತದೆ, ಆದರೆ ಗೋಡೆಯ ಮೇಲೆ ಒಂದಾಗಿ ನಿಲ್ಲುತ್ತದೆ. ಈ ವರ್ಷ ಮಾರ್ಚಿನಲ್ಲಿ ಧೈರ್ಯ ಮಾಡಿ ಮೂವರಿಗೂ ಫೋನ್ ಮಾಡಿದೆ. ಕೊಕ್ಕರೆಯ ತುಂಡನ್ನು ಮೇಘನಾ ಗಾಜಿನ ಫ್ರೇಮಿನೊಳಗೆ ಹಾಕಿಸಿದ್ದರು. ಬೇಕಾದರೆ ತೆಗೆಸಿಕೊಡುತ್ತೇನೆ ಎಂದರು. ತೋಳ ಅನಘಕ್ಕನ ಹತ್ತಿರ ಇತ್ತು. ಅವರೂ ಒಪ್ಪಿದರು.

ಕುರಿಮರಿಯ ತುಂಡು ನಿಖಿಲ್ ಪಾಲಿಗೆ ಬಂದಿತ್ತು. 2024ರ ಆಗಸ್ಟಿನಲ್ಲಿ ಲಿಯಾಂಡರಿನ ಮನೆ ಮಾರಿ ಆಸ್ಟಿನ್ನಿನ ಅಪಾರ್ಟ್‌ಮೆಂಟಿಗೆ ಹೋಗುವಾಗ ಹಳೆಯ ಸಾಮಾನಿನ ಗರಾಜ್ ಸೇಲ್ ಮಾಡಿದ್ದ. ಅದರಲ್ಲಿ ಜಮಖಾನೆ, ದಿಂಬುಗಳ ಜೊತೆ ಅದೂ ಹೋಗಿತ್ತು. ಸಿಟ್ಟಿನಿಂದಲ್ಲ, ಮರೆವಿನಿಂದಲೂ ಅಲ್ಲ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ, ಕನ್ನಡದಲ್ಲಿ ಇಷ್ಟಾಗುತ್ತದೆ: "ಅದೊಂದು ತುಂಡನ್ನೇ ನೋಡಿದರೆ ಏನೂ ಅರ್ಥವಾಗುತ್ತಿರಲಿಲ್ಲ." ನಾನು ಅವನನ್ನು ಬೈಯಬೇಕೆಂದು ಫೋನ್ ಹಿಡಿದುಕೊಂಡೇ ಇದ್ದೆ. ಬೈಯಲಾಗಲಿಲ್ಲ. ಅವನು ಹೇಳಿದ್ದು ನಿಜ.

ಏಪ್ರಿಲ್‌ನಲ್ಲಿ ಎರಡು ಶನಿವಾರ ಲಿಯಾಂಡರಿಗೆ ಡ್ರೈವ್ ಮಾಡಿದೆ. ಅವನ ಮನೆ ಕೊಂಡವರಿಗೆ ಏನೂ ಗೊತ್ತಿಲ್ಲ. ಎದುರು ಮನೆಯ ಅಜ್ಜಿಗೆ ಮಾತ್ರ ನೆನಪಿತ್ತು. ನೀಲಿ ಪಿಕಪ್ ಟ್ರಕ್ಕಿನಲ್ಲಿ ಬಂದ ಒಬ್ಬ ಹೆಂಗಸು ಅದನ್ನು ಬಿಡಿಸಿ ನೋಡಿ, ವರಾಂಡದ ಬೆಂಚಿಗೆ ಹೊದಿಸಲು ಸರಿಯಾಗುತ್ತದೆ ಎಂದಿದ್ದಳಂತೆ. ಅಷ್ಟೇ. ಟೆಕ್ಸಸ್ಸಿನಲ್ಲಿ ನೀಲಿ ಪಿಕಪ್ ಟ್ರಕ್ಕುಗಳು ಎಷ್ಟಿವೆ ಎಂದು ಎಣಿಸುವ ಹುಚ್ಚಿಗೆ ನಾನಿನ್ನೂ ಬಿದ್ದಿಲ್ಲ.

ಕಳೆದ ತಿಂಗಳು ಅಂಕಲ್ ಫೋನ್ ಮಾಡಿದ್ದರು. ನಾನು ಪೇರ್‌ಲ್ಯಾಂಡ್ ಬಿಟ್ಟ ಮೇಲೆ ನಮ್ಮಿಬ್ಬರ ಮೊದಲ ಮಾತು. ಈಗ ಮೇಘನಾ ಮನೆಯಲ್ಲಿದ್ದಾರೆ. ಈ ದಸರೆಗೆ ವೀಡಿಯೋದಲ್ಲಿ ತೋಳದ ಪಾರ್ಟು ಮಾಡಿ ಎಂದು ಅನಘಕ್ಕ ಕೇಳಿದ್ದರಂತೆ. ಒಂದು ಸಲ ಮಾಡಿ ನೋಡೋಣ ಎಂದು ಅನಘಕ್ಕ ಫೋನನ್ನು ಗೋಡೆಯ ಕಡೆ ತಿರುಗಿಸಿದ್ದರಂತೆ.

"ತಂಗಿ, ಅದನ್ನ ಜೋಡಸಲಿಕ್ಕೆ ಬರ್ತದೇನು?" ಎಂದು ಕೇಳಿದರು.

ಮೂರೂ ಸಿಕ್ಕರೆ ಬರುತ್ತದೆ, ಗೆರೆ ಮಾತ್ರ ಹೋಗುವುದಿಲ್ಲ ಎಂದೆ.

"ಗೆರಿ ಇದ್ದರ ಇರವಲ್ದ್ಯಾಕ. ಮರಿ ಬೇಕವಾ. ಆ ಕಡೆ ಯಾರೂ ಇಲ್ಲ, ನಾ ಯಾರಿಗೆ ಬೈಯಲಿ?"

ಅವರ ಮೇಲೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನೋಡೋಣ ಎಂದು ಫೋನ್ ಇಟ್ಟೆ. ಅವರು ಜಗಳಕ್ಕೆ ಹೆದರಿದರು. ಆಂಟಿ ಮೂವತ್ತು ವರ್ಷ ಆ ಗೋಡೆಯ ಮೇಲೆ ಒಂದು ಜಗಳವನ್ನು ಮುಗಿಯದಂತೆ ಕಾಪಾಡಿಕೊಂಡು ಬಂದಿದ್ದರು, ಅದು ನಡೆಯುತ್ತಿರುವವರೆಗೆ ಮರಿ ಬದುಕಿರುತ್ತದೆ ಎಂದು. ಮೆಟ್ಟಿಲಿನ ಹಿಂದೆ ಕೂತು ಅಷ್ಟೂ ವರ್ಷ ಗುಡುಗಿದವರಿಗೆ ಅದು ತಿಳಿಯಲಿಲ್ಲ ಎಂಬುದನ್ನು ನನಗೆ ಇನ್ನೂ ನುಂಗಲು ಆಗುತ್ತಿಲ್ಲ.

ಈಗ ಆರು ಗಂಟೆ ದಾಟಿದೆ. ಅನಘಕ್ಕನ ಮನೆಯ ಹಾಲಿನ ದೀಪ ಹತ್ತಿತು. ಆ ಸ್ವಿಚ್ಚೇ ಇರಬೇಕು. ಹಬ್ಬ ಮುಗಿದ ಮೇಲೆ ತೋಳವನ್ನು ಒಯ್ಯಲು ನನಗೆ ಹೇಳಿದ್ದಾರೆ. ಕೊಕ್ಕರೆಯೂ ಬರುತ್ತದೆ.

ಇದನ್ನು ಪತ್ರಿಕೆಗೆ ಕಳಿಸುತ್ತೇನೆ. ಓದುವವರಲ್ಲಿ ಆಸ್ಟಿನ್, ಲಿಯಾಂಡರ್ ಕಡೆಯವರಿದ್ದರೆ, ಅಥವಾ ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಅಕ್ಕಪಕ್ಕದ ವರಾಂಡಗಳ ಬೆಂಚುಗಳನ್ನು ಒಮ್ಮೆ ನೋಡಿ. ಉಣ್ಣೆಯ ನೇಯ್ಗೆ, ಐದೂಕಾಲು ಅಡಿಗಿಂತ ಒಂದಿಂಚು ಹೆಚ್ಚು ಅಗಲ, ಏಳು ಅಡಿ ಎತ್ತರ. ಬಲಗಡೆ ಮರ, ಮರದ ಮೇಲೆ ಕಾಗೆ, ಬುಡದಲ್ಲಿ ನರಿ. ಎಡಗಡೆ ಕತ್ತರಿಸಿದ ಅಂಚಿಗೆ ಮಾಸ್ಕಿಂಗ್ ಟೇಪು, ಅದರ ಪಕ್ಕ ಸ್ವಲ್ಪ ನೀರು, ನೀರಿನಲ್ಲಿ ಒಂದು ಕಾಲಿಟ್ಟು ಎಡಕ್ಕೆ ನೋಡುತ್ತಿರುವ ಕುರಿಮರಿ. ಅದರ ಕಿವಿಯ ಹಿಂದೆ ರೇಷ್ಮೆ ಸೀರೆಯ ದಾರದ ರಫು ಇದೆ, ಉಳಿದ ಬಿಳಿಗಿಂತ ಒಂದು ಚೂರು ಹಳದಿ. ಕಂಡರೆ ಈ ಬರಹ ಅಚ್ಚಾದ ಪತ್ರಿಕೆಗೆ ಒಂದು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಬೆಂಚಿಗೆ ಬೇರೆ ಒಳ್ಳೆಯ ಹೊದಿಕೆ ನಾನೇ ನೇಯ್ದು ಕೊಡುತ್ತೇನೆ.

ಇವತ್ತು ಶನಿವಾರ. ಇವತ್ತಿನ ಉತ್ತರ ನನ್ನ ಡೈರಿಯಲ್ಲಿದೆ. ಹೇಳಬೇಕಾದ ಮರಿ ಎಲ್ಲಿದೆ ಎಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ.